ಮಾವ ಆಲೂಗೆಡ್ಡೆ ಬಿಟ್ಟು ಬೆಟ್ಟ ಹತ್ತಿದ್ದು

ನಮ್ಮ ಸೋದರಮಾವನಿಗೆ ದೈವಭಕ್ತಿ ಇಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಇದೆ ಸ್ವಾಮಿ, ಧಾರಾಳವಾಗಿಯೇ ಇದೆ! ಆದರೆ ಅದು ಬೆಟ್ಟದ ಮೇಲಿನ ದೇವರಿಗೆ ಮಾತ್ರ ಮೀಸಲು. ಅದರಲ್ಲೂ ಯಾವ ಬೆಟ್ಟದ ಬುಡದಲ್ಲಿ ಒಳ್ಳೆಯ ಆಲೂಗೆಡ್ಡೆ ಬೋಂಡ ಸಿಗುತ್ತದೋ ಆ ಬೆಟ್ಟದ ದೇವರಿಗೆ.

“ಬಯಲಲ್ಲಿರೋ ದೇವ್ರು ಪಕ್ಕದ ಮನೆಯೋರು ಇದ್ದಂಗೆ ಕಣವ್ವ, ಯಾವಾಗ ಬೇಕಾದ್ರೂ ಓಗಿ ಮಾತಾಡುಸ್ಬೋದು. ಬೆಟ್ಟದ ದೇವ್ರು ಅಂಗಲ್ಲ. ಬೆಟ್ಟ ಅತ್ತಬೇಕು, ಬೆವರು ಸುರೀಬೇಕು, ಒಟ್ಟೆ ಅಸೀಬೇಕು” ಎಂದು ಅವರು ನನಗೆ ಒಮ್ಮೆ ವಿವರಿಸಿದ್ದರು.

“ಹಸಿದ ಮೇಲೆ?” ಎಂದೆ.

“ಬೋಂಡ ತಿನ್ನಬೇಕು.”

ಇದಕ್ಕಿಂತ ಸರಳವಾದ ವೇದಾಂತವನ್ನು ನಾನಂತೂ ಬೇರೆ ಯಾರಿಂದಲೂ ಕೇಳಿಲ್ಲ. ಮಾಲೇಕಲ್ಲು ತಿರುಪತಿ, ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರನ ಬೆಟ್ಟ, ಎಲ್ಲಕ್ಕೂ ಅವರು ಹೋಗಿಬಂದಿದ್ದಾರೆ. ಬಂದ ಮೇಲೆ “ದರ್ಶನ ಹೇಗಾಯಿತು ಮಾವ?” ಎಂದು ಕೇಳಿದರೆ “ಒಳಗೆ ಊವಿನಂಗೆ ಬೆಂದಿತ್ತು” ಎನ್ನುತ್ತಾರೆ. ಒಂದು ಬೆಟ್ಟದ ಬುಡದಲ್ಲಿ ಯಾರೋ ಪುಣ್ಯಾತ್ಮ ಬೋಂಡದೊಳಗೆ ಆಲೂಗೆಡ್ಡೆಯ ಬದಲು ಬರೀ ಎಲೆಕೋಸು ತುಂಬಿದ್ದನಂತೆ. “ಬುಡದಲ್ಲೇ ಮೋಸ ಇದ್ರೆ ಮ್ಯಾಲೆ ಇನ್ನೇನಿರ್ತದೆ?” ಎಂದು ಮೊದಲನೇ ಮೆಟ್ಟಿಲಿಗೆ ಕೈಮುಗಿದು, ಮುಂದಿನ ಬಸ್ಸಿಗೇ ಊರಿಗೆ ಬಂದುಬಿಟ್ಟರು!

ಅವರದು ಹಾಸನದ ಹತ್ತಿರ ಸಾಲಗಾಮೆ. ತಲೆತಲಾಂತರದಿಂದ ಆಲೂಗೆಡ್ಡೆ ಬೆಳೆಯುವ ಮನೆ. ಬೆಳೆಯುವವರೆಲ್ಲ ತಾವು ಬೆಳೆದದ್ದನ್ನು ಇಷ್ಟು ತಿನ್ನುತ್ತಾರೆಯೇ? ಹಾಗೆ ತಿಂದಿದ್ದರೆ ನಮ್ಮ ಕಡೆಯ ಹೊಗೆಸೊಪ್ಪಿನವರ ಗತಿ ಏನು! ಮಾವನಿಗೆ ಬೆಳಗ್ಗೆ ರೊಟ್ಟಿಗೆ ಆಲೂಗೆಡ್ಡೆ ಪಲ್ಯ, ಮಧ್ಯಾಹ್ನ ಮುದ್ದೆಗೆ ಆಲೂಗೆಡ್ಡೆ ಸಾರು, ಸಂಜೆ ಕೆಂಡದಲ್ಲಿ ಸುಟ್ಟ ಗೆಡ್ಡೆಗೆ ಉಪ್ಪು ಖಾರ. ಹಳೇಕೋಟೆಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ, ತಟ್ಟೆಯಲ್ಲಿ ಬಂದ ಬೋಂಡವನ್ನು ಕಚ್ಚಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿ, ಆ ಹುಡುಗಿಯನ್ನೇ ಒಪ್ಪಿಕೊಂಡು ಎದ್ದುಬಂದರಂತೆ. “ನನ್ನ ಮುಖಾನ ಇವರು ಮೊದಲು ನೋಡಿದ್ದು ಧಾರೆ ಮಂಟಪದಲ್ಲಿ ಕಣವ್ವ. ಆಗ್ಲೂ ಅಡುಗೆ ಮನೆ ಕಡೆ ತಿರುಗಿ ತಿರುಗಿ ನೋಡೋರು” ಎಂದು ಅತ್ತೆ ಈಗಲೂ ದೂರುತ್ತಾರೆ.

ಆದರೆ ಅತ್ತೆಯೇನು ಕಡಿಮೆಯಲ್ಲ. ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಹಾಸನದ ಡಾಕ್ಟರು ತಿನ್ನಬಾರದ್ದರ ಪಟ್ಟಿ ಬರೆದುಕೊಟ್ಟರು. ಆಲೂಗೆಡ್ಡೆ ಮೊದಲನೇ ಸಾಲಿನಲ್ಲೇ ಇತ್ತು. ಅತ್ತೆ ಅವತ್ತಿನಿಂದ ತಟ್ಟೆಗೆ ಆಲೂಗೆಡ್ಡೆ ಹಾಕಿಕೊಳ್ಳಲಿಲ್ಲ, ಖಂಡಿತಾ ಹಾಕಿಕೊಳ್ಳಲಿಲ್ಲ. ಬಾಣಲೆಯಿಂದ ತಿಂದರು! ಗಂಡನಿಗೆ ದಿನವೂ ಪಲ್ಯ ಮಾಡಬೇಕಲ್ಲ. ಮಾಡಿದ ಮೇಲೆ ಉಪ್ಪು ನೋಡಬೇಕಲ್ಲ. ಬೇಯುವಾಗ ಒಮ್ಮೆ ಉಪ್ಪು ನೋಡುವುದು, ಒಗ್ಗರಣೆ ಬಿದ್ದ ಮೇಲೆ ಒಮ್ಮೆ, ಕೆಳಗಿಳಿಸಿ ಒಮ್ಮೆ, ಮುಚ್ಚಿಡುವ ಮುನ್ನ ಅನುಮಾನ ಬಂದು ಇನ್ನೊಮ್ಮೆ. ನಾನು ಒಮ್ಮೆ ಹೋದಾಗ ಅಡುಗೆ ಮನೆಗೆ ಇಣುಕಿ ನೋಡಿದೆ. ಅತ್ತೆಯ ಕೆನ್ನೆ ಉಬ್ಬಿತ್ತು. “ಉಪ್ಪು ನೋಡ್ತಿದ್ದೆ” ಎಂದರು. ಅಷ್ಟು ಉಪ್ಪನ್ನು ಸಮುದ್ರ ತೀರದವರೂ ನೋಡಿರಲಾರರು.

ಮಾವ ತಮ್ಮ ಕಡೆಯಿಂದ ವೈದ್ಯ ಶುರುಮಾಡಿದರು. ಹಿತ್ತಲಲ್ಲಿ ಹಾಗಲ ಬಳ್ಳಿ ಹಬ್ಬಿಸಿ, ದಿನಾ ಬೆಳಗ್ಗೆ ಆರಕ್ಕೆ ಒಂದು ಲೋಟ ಹಾಗಲಕಾಯಿ ರಸ ಹಿಂಡಿ, ಅತ್ತೆಯ ಮುಂದೆ ಪೊಲೀಸಿನವರ ಹಾಗೆ ನಿಲ್ಲುತ್ತಿದ್ದರು. ಅತ್ತೆ “ಹಿತ್ತಲಲ್ಲಿ ಗಾಳಿಗೆ ನಿಂತು ಕುಡೀತೀನಿ” ಎಂದು ಎದ್ದುಹೋಗುತ್ತಿದ್ದರು. ಮೂರು ತಿಂಗಳಲ್ಲಿ ಹಿತ್ತಲಿನ ದಾಸವಾಳದ ಗಿಡ ಬಾಡಿತು. ಆ ಗಿಡಕ್ಕೆ ಮಾತ್ರ ಸಕ್ಕರೆ ಕಾಯಿಲೆ ಇಲ್ಲ ಎಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಗ್ಯಾರಂಟಿ ಕೊಡಬಲ್ಲೆ.

ನಗುತ್ತಲೇ ಹೇಳುತ್ತಿದ್ದೇನೆ. ಆದರೆ ಕಳೆದ ಚಳಿಗಾಲದಲ್ಲಿ ನಾವು ಯಾರೂ ನಗಲಿಲ್ಲ. ಅತ್ತೆಯ ಕಾಲಿನ ಬೆರಳಿಗೆ ಆದ ಒಂದು ಸಣ್ಣ ಗಾಯ ಎರಡು ತಿಂಗಳು ಮಾಯಲಿಲ್ಲ. ಬೆರಳು ತೆಗೆಯಬೇಕಾಗಬಹುದು ಎಂದು ಡಾಕ್ಟರು ಅಂದ ದಿನ ಮಾವ ಆಸ್ಪತ್ರೆಯ ಕಾರಿಡಾರಿನಲ್ಲೇ ಉತ್ತರದ ಕಡೆ ತಿರುಗಿ ನಿಂತು, ಈ ಕಾಲು ಉಳಿದರೆ ಅದೇ ಕಾಲನ್ನು ನಿನ್ನ ಬೆಟ್ಟಕ್ಕೆ ಕರೆದುಕೊಂಡು ಬರುತ್ತೇನೆ ಎಂದು ಕೇದಾರನಾಥನಿಗೆ ಹರಕೆ ಹೊತ್ತರು. ಗಾಯ ಮಾದಿತು. ಮೇ ತಿಂಗಳಲ್ಲಿ ನನ್ನ ಬೇಸಿಗೆ ರಜೆ ಹಾಳುಮಾಡಿ, ನನ್ನನ್ನೂ ಹೊಳೆನರಸೀಪುರದಿಂದ ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಯಾತ್ರೆ ಮಾಡಿಸುವವರು ಕೊಣನೂರಿನ ಒಬ್ಬ ರಿಟೈರ್ಡ್ ಮೇಷ್ಟ್ರು. ವರ್ಷಕ್ಕೊಂದು ಸಲ ಮೂವತ್ತು ಜನರನ್ನು ಸೇರಿಸಿ, ಜೊತೆಗೆ ಅಡುಗೆಯವರನ್ನೂ ಕಟ್ಟಿಕೊಂಡು ಕಾಶಿ, ಕೇದಾರ, ಬದರಿ ತೋರಿಸುತ್ತಾರೆ. ಮಾವ ಅವರಿಗೆ ಖುಷಿಯಿಂದ ಎರಡು ಮೂಟೆ ಆಲೂಗೆಡ್ಡೆ ದಾನ ಕೊಟ್ಟರು. “ನಮ್ಮ ಒಲದ್ದು ಸಾ. ದಾರೀಲಿ ಯಾತ್ರಿಕರಿಗೆ ಉಣ್ಣಕ್ಕಾಯ್ತದೆ” ಎಂದರು. ಈ ಎರಡು ಮೂಟೆಯನ್ನು ದಯವಿಟ್ಟು ನೆನಪಿನಲ್ಲಿಡಿ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರಬೇಕು ತಾನೇ? ಬಿಟ್ಟ ಮೇಲೆ ಜೀವ ಇರುವವರೆಗೂ ಅದನ್ನು ತಿನ್ನುವ ಹಾಗಿಲ್ಲ. ಗಂಗೆಯ ಮೆಟ್ಟಿಲ ಮೇಲೆ ಮೇಷ್ಟ್ರು ಇದನ್ನೆಲ್ಲ ವಿವರಿಸಿ, ತಾವು ಸೀಬೆಹಣ್ಣು ಬಿಟ್ಟರು. ಹಲ್ಲಿಲ್ಲದವರು ಸೀಬೆಹಣ್ಣು ಬಿಟ್ಟರೇನು, ಕಬ್ಬು ಬಿಟ್ಟರೇನು! ನಾನು ಗೋರಿಕಾಯಿ ಬಿಟ್ಟೆ. ಅದು ನನಗೆ ಯಾವತ್ತೂ ಸೇರಿದ್ದಿಲ್ಲ. ಗಂಗಾಮಾತೆಗೂ ಅದು ಗೊತ್ತಿರುತ್ತದೆ. ಆಕೆ ನನ್ನಂಥವರನ್ನು ಎಷ್ಟು ಕಂಡಿಲ್ಲ?

ಅತ್ತೆಯ ಸರದಿ ಬಂತು. ನೀರು ಹಿಡಿದು, ಕಣ್ಣು ಮುಚ್ಚಿ, ಇಡೀ ಘಾಟಿಗೆ ಕೇಳುವ ಹಾಗೆ ಹೇಳಿದರು: “ಹಾಗಲಕಾಯಿ!”

ಮಾವ ಬೆಚ್ಚಿಬಿದ್ದರು. “ಲೇ, ಇಷ್ಟವಾದ್ದು ಬುಡ್ಬೇಕು ಕಣೆ!”

“ನಂಗೆ ಇಷ್ಟಾನೇ. ಎರಡು ವರ್ಷದಿಂದ ದಿನಾ ಕುಡೀತಿಲ್ವಾ? ಇಷ್ಟ ಇಲ್ದೆ ಯಾರಾದ್ರೂ ಅದನ್ನ ಕುಡೀತಾರಾ?”

ಪುರೋಹಿತರು ಮಂತ್ರ ಹೇಳಿ ನೀರು ಬಿಡಿಸಿಯೇ ಬಿಟ್ಟರು. ಇನ್ನು ಮೇಲೆ ಅತ್ತೆಗೆ ಹಾಗಲಕಾಯಿ ರಸ ಕೊಡುವುದೆಂದರೆ ಗಂಗೆಗೆ ಅಪಚಾರ! ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಇಷ್ಟು ಚೆನ್ನಾಗಿ ಹೊಂಚು ಹಾಕಿದ ಯಾತ್ರಿಕರನ್ನು ನಾನು ಕಂಡಿಲ್ಲ.

ಮಾವ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಬೊಗಸೆಯಲ್ಲಿ ನೀರು ಎತ್ತಿಕೊಂಡು “ಆಲೂಗೆಡ್ಡೆ” ಎಂದರು.

ಮೂವತ್ತು ಜನ ಯಾತ್ರಿಕರು ಉಸಿರು ಬಿಡುವುದನ್ನೇ ಮರೆತರು. ಮೇಷ್ಟ್ರು ಓಡಿಬಂದು, “ಯಜಮಾನ್ರೇ, ಯೋಚ್ನೆ ಮಾಡಿ. ಮುಂದೆ ಹೋಗ್ತಿರೋದು ಬೆಟ್ಟಕ್ಕೆ. ಅಲ್ಲಿ ಸಿಗೋದೇ ಅದು. ಪಡವಲಕಾಯಿ ಬಿಡಿ, ಸೋರೆಕಾಯಿ ಬಿಡಿ, ಇನ್ನೂ ಟೈಮಿದೆ” ಎಂದರು.

“ಆಗೋಯ್ತು ಬುಡಿ ಸಾ” ಎಂದ ಮಾವ ನೀರು ಬಿಟ್ಟರು.

ಹೆಂಡತಿಯ ಮೇಲಿನ ಸಿಟ್ಟಿಗೆ ಹೀಗೆ ಮಾಡಿದರು ಎಂದೇ ನಾವೆಲ್ಲ ತಿಳಿದೆವು. ಯಾಕೆ ಮಾವ ಎಂದು ಬಸ್ಸಿನಲ್ಲಿ ಕೇಳಿದರೆ “ಶಾಸ್ತ್ರ ಅಂದ್ಮೇಲೆ ಶಾಸ್ತ್ರ” ಎಂದು ಕಿಟಕಿಯ ಕಡೆ ತಿರುಗಿದರು. ಅತ್ತೆಯಂತೂ “ಮೂರು ದಿನ. ನಾಲ್ಕನೇ ದಿನ ಬೋಂಡದ ವಾಸನೆ ಬಂದ್ರೆ ಗಂಗೇಲಿ ಈಜಿ ವಾಪಸ್ ತಗೊಂಬತ್ತಾರೆ” ಎಂದು ಭವಿಷ್ಯ ನುಡಿದರು.

ಶುರುವಾಯಿತು ನೋಡಿ ಪರೀಕ್ಷೆ! ಹರಿದ್ವಾರದಲ್ಲಿ ಇಳಿದರೆ ಪೂರಿ ಜೊತೆಗೆ ಆಲೂಗೆಡ್ಡೆ. ಋಷಿಕೇಶದಲ್ಲಿ ಸಮೋಸ, ಅದರ ಹೊಟ್ಟೆಯಲ್ಲೂ ಆಲೂಗೆಡ್ಡೆ. ಹೂಕೋಸು ಕೇಳಿದರೆ ಆಲೂಗೆಡ್ಡೆಯನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಮೆಂತ್ಯದ ಸೊಪ್ಪು ಕೇಳಿದರೂ ಅಷ್ಟೇ. ಉತ್ತರದವರು ಪಾಯಸಕ್ಕೊಂದು ಆಲೂಗೆಡ್ಡೆ ಹಾಕುವುದಿಲ್ಲ. ನಮ್ಮ ಅಡುಗೆಯವರಾದರೂ ಕಾಪಾಡುತ್ತಾರೇನೋ ಎಂದರೆ, ದಾರಿಯಲ್ಲಿ ತಂದ ಬೀನ್ಸು, ಬದನೆ ಎಲ್ಲ ಸೆಕೆಗೆ ಕೊಳೆತುಹೋಗಿದ್ದವು. ಕೆಡದೆ ಉಳಿದದ್ದು ಎರಡು ಮೂಟೆ ಮಾತ್ರ. ಯಾರು ಕೊಟ್ಟಿದ್ದು? ಮಾವನೇ! ದಿನಕ್ಕೆರಡು ಹೊತ್ತು ತಮ್ಮ ಹೊಲದ ಗೆಡ್ಡೆ ಮೂವತ್ತು ಎಲೆಗೆ ಬೀಳುವುದನ್ನು ನೋಡುತ್ತಾ, ಮಾವ ಬರೀ ತಿಳಿಸಾರಿನಲ್ಲಿ ಅನ್ನ ಕಲಸುತ್ತಿದ್ದರು. “ಏನ್ ರುಚಿ ಯಜಮಾನ್ರೇ ನಿಮ್ಮ ಗೆಡ್ಡೆ!” ಎಂದು ಹೊಗಳುವವರು ಬೇರೆ.

ರುದ್ರಪ್ರಯಾಗದಲ್ಲಿ ಒಂದು ಧರ್ಮಸೂಕ್ಷ್ಮ ಎದ್ದಿತು. ಎಲೆಗೆ ಬಟಾಣಿ ಮತ್ತು ಆಲೂಗೆಡ್ಡೆ ಸೇರಿದ ಪಲ್ಯ ಬಿತ್ತು. ಮಾವ ಹೋಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬಟಾಣಿಯನ್ನು ಬೆರಳಲ್ಲಿ ಹಿಡಿದು, “ಮೇಷ್ಟ್ರೇ, ಆಲೂಗೆಡ್ಡೆ ಮುಟ್ಟಿರೋ ಬಟಾಣಿ ತಿನ್ಬೋದಾ?” ಎಂದರು.

ಮೇಷ್ಟ್ರು ಗಂಭೀರವಾಗಿ ಯೋಚಿಸಿ, “ತೊಳೆದು ತಿನ್ನಿ” ಎಂದು ತೀರ್ಪು ಕೊಟ್ಟರು. ಮಾವ ಪ್ರತಿಯೊಂದು ಬಟಾಣಿಯನ್ನೂ ಲೋಟದ ನೀರಿನಲ್ಲಿ ಅದ್ದಿ ತಿಂದರು. ಅತ್ತೆ ಅದೇ ಪಂಕ್ತಿಯಲ್ಲಿ ಕೂತು, ಯಾತ್ರೆಯಲ್ಲಿ ಪಥ್ಯವಿಲ್ಲ ಎನ್ನುವ ಹೊಸ ಶಾಸ್ತ್ರ ಹುಟ್ಟಿಸಿ, ನಾನು ಬೇಡ ಬೇಡ ಎಂದರೂ ಎರಡನೇ ಸಲ ಪಲ್ಯ ಹಾಕಿಸಿಕೊಂಡರು. ಮಾವ ಅದನ್ನು ನೋಡಿ, ಇನ್ನೊಂದು ಬಟಾಣಿಯನ್ನು ನೀರಿಗೆ ಅದ್ದಿದರು.

ಗುಪ್ತಕಾಶಿಯ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಐದು ನಿಮಿಷದಲ್ಲಿ ಮಾವ ಮಾಯ! ಹುಡುಕಿದರೆ ರಸ್ತೆಯ ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಲದಲ್ಲಿ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಆ ಹೊಲದ ಯಜಮಾನ, ಉಣ್ಣೆ ಟೋಪಿ ಹಾಕಿದ, ಆ ಬೆಟ್ಟದ ಸೀಮೆಯ ಪಹಾಡಿ ಮುದುಕ. ಇಬ್ಬರ ನಡುವೆ ಒಂದು ಆಲೂಗೆಡ್ಡೆ ಗಿಡ.

“ಇದು ಅಂಗಮಾರಿ ಕಣಯ್ಯ, ಅಂಗಮಾರಿ! ಎಲೆ ಕೆಳಗೆ ನೋಡು, ಬೂಷ್ಟು. ಮೋಡ ಮುಚ್ಚುದ್ರೆ ಒಂದೇ ವಾರಕ್ಕೆ ಒಲ ಪೂರಾ ಓಯ್ತದೆ” ಎಂದು ಮಾವ ಅಪ್ಪಟ ಸಾಲಗಾಮೆ ಕನ್ನಡದಲ್ಲಿ ಹೇಳುತ್ತಿದ್ದಾರೆ. ಮುದುಕ ತನ್ನ ಭಾಷೆಯಲ್ಲಿ ಅಷ್ಟೇ ಉದ್ದ ಉತ್ತರ ಕೊಡುತ್ತಾ, ಆಕಾಶ ತೋರಿಸಿ ಹಣೆ ಚಚ್ಚಿಕೊಳ್ಳುತ್ತಿದ್ದಾನೆ. ಮಾವನೂ ಹಣೆ ಚಚ್ಚಿಕೊಂಡರು. ಅರ್ಧ ಗಂಟೆ ಸಂಭಾಷಣೆ ನಡೆಯಿತು! ಮೂವತ್ತು ವರ್ಷ ಹಿಂದಿ ಪಾಠ ಮಾಡಿದ ನಮ್ಮ ಮೇಷ್ಟ್ರು ಹೋಟೆಲಿನವನಿಗೆ ಬಿಸಿನೀರು ಬೇಕು ಎಂಬುದನ್ನು ಅರ್ಥಮಾಡಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಹೊರಡುವಾಗ ಮುದುಕ ಮೊಳಕೆ ಕಣ್ಣುಬಿಟ್ಟ ನಾಲ್ಕು ಗೆಡ್ಡೆ ತಂದು ಮಾವನ ಕೈಗಿಟ್ಟ. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಸ್ವೆಟರಿನ ಜೇಬಿಗೆ ಹಾಕಿದರು.

“ಮಾವ, ವ್ರತ?” ಎಂದೆ.

“ತಿನ್ನೋದು ಬುಟ್ಟಿರೋದು ಕಣವ್ವ, ಬೆಳೆಯೋದಲ್ಲ.”

ಕೇದಾರದ ನಡಿಗೆಯ ದಿನ ಅತ್ತೆಗೆ ಕುದುರೆ ಮಾಡಿದೆವು. ಮಾವ ಅದರ ಪಕ್ಕದಲ್ಲಿ ಅತ್ತೆಯ ಕಾಲನ್ನೇ ನೋಡುತ್ತಾ ನಡೆದರು. ಬೂಟಿನ ಲಾಡಿ ಬಿಚ್ಚಿತಾ, ಕಾಲ್ಚೀಲ ಒದ್ದೆಯಾಯಿತಾ ಎಂದು ಹೆಜ್ಜೆಗೊಮ್ಮೆ ವಿಚಾರಣೆ. ಹಿಮದ ಶಿಖರ ಬಂತು, ಜಲಪಾತ ಬಂತು, ಅವರು ಕತ್ತೆತ್ತಲಿಲ್ಲ. ತಿನ್ನಲೆಂದು ನಾನು ಕೊಟ್ಟ ಬಿಸ್ಕತ್ತನ್ನು ಕುದುರೆಗೆ ತಿನ್ನಿಸಿಬಿಟ್ಟರು. “ಒತ್ಕೊಂಡು ಓಗ್ತಿರೋದು ಅದು, ನಾನಲ್ಲ” ಎಂಬ ಸಮಜಾಯಿಷಿ ಬೇರೆ. ದಾರಿಯ ಅಂಗಡಿಯಲ್ಲಿ ನೂಡಲ್ಸ್ ಕೊಡಿಸಿದರೆ “ಎರೆಹುಳ ತಿನ್ನಲ್ಲ” ಎಂದರು.

ಮೂರು ಗಂಟೆಯ ಹೊತ್ತಿಗೆ ಮಳೆ ಹಿಡಿಯಿತು, ಮಳೆಯಲ್ಲಿ ಮಂಜಿನ ಹರಳು. ದೇವಸ್ಥಾನ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಮಾವ ದಾರಿಯ ಪಕ್ಕದ ಬಂಡೆಯ ಮೇಲೆ ಕುಸಿದು ಕೂತರು. ತುಟಿ ನೀಲಿಯಾಗಿತ್ತು. ನಾನೂ ಮೇಷ್ಟ್ರೂ ಸೇರಿ ಅವರನ್ನು ತಾಡಪಾಲಿನ ಚಹಾ ಅಂಗಡಿಯೊಂದರೊಳಕ್ಕೆ ಎತ್ತಿಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದೆವು. ಅಂಗಡಿಯವನು ನಾಲ್ಕು ತಟ್ಟೆ ತಂದಿಟ್ಟ. ಹೊಗೆಯಾಡುವ ಪರಾಟ, ಒಳಗೆ ಹೂರಣದ ಹಾಗೆ ತುಂಬಿದ ಆಲೂಗೆಡ್ಡೆ.

ಮಾವ ತಟ್ಟೆಯನ್ನು ನೋಡಿದರು. ಮೂಗಿನ ಹೊಳ್ಳೆ ಅರಳಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಕುದುರೆ ಇಳಿದು ಬಂದು ಪಕ್ಕದಲ್ಲಿ ಕೂತಿದ್ದ ಅತ್ತೆಗೆ ಅಷ್ಟು ದಿನದ ತಮಾಷೆಯೆಲ್ಲ ಇಳಿದುಹೋಗಿತ್ತು. “ತಿನ್ರೀ. ನಿಮ್ಮ ಕೈ ಹಿಡ್ಕಂಡು ಕೇಳ್ತೀನಿ. ಗಂಗಮ್ಮ ಏನೂ ಅನ್ಕಳಲ್ಲ, ಆ ಪಾಪ ನನಗಿರ್ಲಿ.”

“ಬ್ಯಾಡ.”

“ಯಾರ ಮೇಲೆ ಈ ಹಠ? ನಾನು ಹಾಗಲಕಾಯಿ ಬಿಟ್ಟೆ ಅಂತ ತಾನೇ ನನ್ನ ಮೇಲೆ ಸಿಟ್ಟು? ಅದಕ್ಕೆ ಇಲ್ಲಿ ಬಂದು ಪ್ರಾಣ ಬಿಡ್ತೀರಾ?” ಅತ್ತೆ ಅಳುತ್ತಿದ್ದರು.

ಮಾವ ಒಲೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. “ಸಿಟ್ಟಲ್ಲ ಕಣೆ. ನಾನು ತಿಂದ್ರೆ ನೀನು ಮಾಡ್ತೀಯ. ಮಾಡುದ್ರೆ ಉಪ್ಪು ನೋಡ್ತೀಯ.”

ಎರಡು ವರ್ಷದಿಂದ ಎಲ್ಲವೂ ಅವರಿಗೆ ಗೊತ್ತಿತ್ತು! ಬಾಣಲೆಯೂ, ಉಬ್ಬಿದ ಕೆನ್ನೆಯೂ, ಬಾಡಿದ ದಾಸವಾಳವೂ. ಒಂದು ದಿನವೂ ಬಾಯಿಬಿಟ್ಟು ಹೇಳಿ ಹೆಂಡತಿಯ ಮಾನ ಕಳೆದಿರಲಿಲ್ಲ. ಕೊನೆಗೆ ಆಲೂಗೆಡ್ಡೆಯೇ ಮನೆಯೊಳಕ್ಕೆ ಬಾರದ ಹಾಗೆ ಗಂಗೆಯನ್ನು ಬಾಗಿಲಿಗೆ ಕಾವಲು ನಿಲ್ಲಿಸಿದ್ದರು. ಇಷ್ಟು ದಿನ ಅವರನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಅತ್ತೆ ತಮ್ಮ ತಟ್ಟೆಯನ್ನು ತೆಗೆದು ಮಾವನ ತಟ್ಟೆಯ ಪಕ್ಕದಲ್ಲಿ ಇಟ್ಟರು. ಅಂಗಡಿಯವನಿಗೆ ಏನು ಅರ್ಥವಾಯಿತೋ, ಅವನು ಬೇರೆ ಹಿಟ್ಟು ತಟ್ಟಿ, ಒಳಗೆ ಏನೂ ಇಲ್ಲದ ರೊಟ್ಟಿ ಸುಟ್ಟು ಉಪ್ಪಿನಕಾಯಿ ಜೊತೆ ಕೊಟ್ಟ. ಇಬ್ಬರೂ ತಿಂದರು. ಮಾವನ ತುಟಿಗೆ ಬಣ್ಣ ಬಂತು. ಉಳಿದಿದ್ದ ಎರಡು ಪರಾಟ? ಮೇಷ್ಟ್ರು ಒಂದು ತಿಂದರು, ಇನ್ನೊಂದನ್ನು ಕುದುರೆ ತಿಂದಿತು. ಮರುದಿನ ಬೆಳಗ್ಗೆ ಬಿಸಿಲಿನಲ್ಲಿ ಕೇದಾರನ ದರ್ಶನ ಆಯಿತು. ಬಾಗಿಲ ಮುಂದೆ ಮಾವ ದೇವರಿಗೆ ಅತ್ತೆಯ ಕಾಲನ್ನು ಬೆರಳು ಮಾಡಿ ತೋರಿಸಿದರು.

ಕಥೆ ಅಲ್ಲಿಗೆ ಮುಗಿಯಿತೇ? ಅತ್ತೆ ಇರುವಾಗ ಹೇಗೆ ಮುಗಿಯುತ್ತದೆ! ಬದರಿಯಲ್ಲಿ ಬಿಸಿನೀರಿನ ಕುಂಡದ ಪಕ್ಕ ಪಂಡಿತರೊಬ್ಬರು ಸಂಕಲ್ಪ ಮಾಡಿಸುತ್ತಿದ್ದರು. ಅತ್ತೆ ಮೇಷ್ಟ್ರನ್ನು ಎಳೆದುಕೊಂಡು ಹೋಗಿ, “ಕಾಶೀಲಿ ಬಿಟ್ಟಿದ್ದನ್ನ ಇಲ್ಲಿ ವಾಪಸ್ ತಗೋಬೋದಾ, ಕೇಳಿ” ಎಂದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಪಂಡಿತ್‌ಜೀ, ಏ ಮಾತಾಜೀ ಕರೇಲಾ ವಾಪಸ್ ಮಾಂಗ್ತಾ ಹೈ” ಎಂದು ಅತ್ತೆಯ ಹಾಗಲಕಾಯಿಯನ್ನು ವಾಪಸ್ಸು ಕೇಳಿದರು.

ಪಂಡಿತರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ವಾಪಸ್ಸು ಕೇಳುವವರು ಇದ್ದಾರಂತೆ, ಮಾವಿನಹಣ್ಣು ಕೇಳುತ್ತಾರಂತೆ, ಹಲಸಿನಹಣ್ಣು ಕೇಳುತ್ತಾರಂತೆ. ಹಾಗಲಕಾಯಿಯನ್ನು ಯಾರೂ ಕೇಳಿದ್ದಿಲ್ಲವಂತೆ! ಕೊನೆಗೆ, ಬೇಕಾದರೆ ತೆಗೆದುಕೊಳ್ಳಲಿ, ಅದರ ಜಾಗದಲ್ಲಿ ಬೇರೆ ಏನಾದರೂ ಇಡಬೇಕು, ಅದೂ ನಿಜವಾಗಿ ಇಷ್ಟವಾದದ್ದನ್ನು ಎಂದರು.

“ಆಲೂಗೆಡ್ಡೆ ಇಟ್ಕಳ್ಳಿ” ಎಂದರು ಅತ್ತೆ.

ಮಾವ ನೆಗೆದು ಮುಂದೆ ಬಂದರು. “ಅಂಗಾದ್ರೆ ನಂದು ವಾಪಸ್ ಕೊಡುಸಿ ಮೇಷ್ಟ್ರೇ! ಇವಳೇ ಬುಟ್ಮ್ಯಾಲೆ ನಂದ್ಯಾಕೆ?” ನಾವೆಲ್ಲ ನಕ್ಕೆವು. ಪಂಡಿತರೂ ನಗುತ್ತಾ ಉದ್ಧರಣೆಯಲ್ಲಿ ನೀರು ತೆಗೆದುಕೊಂಡರು. ಮಾವ ಕೈ ಚಾಚಿದವರು ಅತ್ತೆಯ ಮುಖವನ್ನೊಮ್ಮೆ ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು. “ಬ್ಯಾಡ ಬುಡಿ, ಇರ್ಲಿ. ಒಬ್ಳೇ ಬುಟ್ರೆ ಅವಳಿಗೆ ಬೇಜಾರಾಯ್ತದೆ.”

ಈಗ ಸಾಲಗಾಮೆಯಲ್ಲಿ ಬೆಳಗ್ಗೆ ಆರಕ್ಕೆ ಎರಡು ಲೋಟ ಹಾಗಲಕಾಯಿ ರಸ ತಯಾರಾಗುತ್ತದೆ. ದಾಸವಾಳ ಚಿಗುರಿದೆ. ಪಹಾಡಿ ಮುದುಕ ಕೊಟ್ಟ ನಾಲ್ಕು ಗೆಡ್ಡೆಯನ್ನು ಮಾವ ಹೋಳು ಮಾಡಿ, ಬೂದಿ ಸವರಿ, ಮುಂಗಾರಿಗೆ ಒಂದೇ ಒಂದು ಸಾಲು ನೆಟ್ಟಿದ್ದರು. ಕಿತ್ತಿದ್ದು ಒಂದು ಸಣ್ಣ ಚೀಲ. ಮುಂದಿನ ಸಲದ ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು, ಉಳಿದದ್ದನ್ನು ಹೊಳೆನರಸೀಪುರದ ಬಸ್ಸಿಗೆ ಹಾಕಿ ನನಗೆ ಕಳಿಸಿದರು. ಕಳೆದ ಭಾನುವಾರ ನಾನು ಪಲ್ಯ ಮಾಡಿ ಇನ್ನೇನು ತಿನ್ನಬೇಕು, ಫೋನು ಬಂತು.

“ಮಾಡುದ್ಯಾ?” ಮಾವನ ದನಿ. “ಎಂಗದೆ? ಒಳಗೆ ಊವಿನಂಗೆ ಬೆಂದದಾ? ನಾಲ್ಗೆ ಮ್ಯಾಲೆ ಇಟ್ರೆ ಕರಗ್ತದಾ, ಇಲ್ಲ ಅಂಟ್ತದಾ? ಸರಿಯಾಗಿ ಏಳವ್ವ, ನಿಧಾನಕ್ಕೆ.”

ನಾನು ಹೇಳಿದೆ. ಹೂವಿನ ಹಾಗೆ ಬೆಂದಿದೆ ಮಾವ, ಸ್ವಲ್ಪ ಸಿಹಿ ಇದೆ, ಈರುಳ್ಳಿ ಕೆಂಪಗಾಗಿದೆ, ಸಿಪ್ಪೆಯ ಹತ್ತಿರ ಬೆಟ್ಟದ ಮಣ್ಣಿನ ವಾಸನೆ ಇನ್ನೂ ಇದೆ ಎಂದೆ. ಆಗಲೇ ಮಾವ ಫೋನನ್ನು ಸ್ಪೀಕರಿಗೆ ಹಾಕಿದ್ದಾರೆ ಎಂಬುದು ಗೊತ್ತಾಯಿತು. ಯಾಕೆಂದರೆ ಅಲ್ಲಿಂದ ಅತ್ತೆಯ ದನಿ ಬಂತು.

“ಉಪ್ಪು ನೋಡಿದ್ಯೇನವ್ವ?”

“ನೋಡ್ತೀನಿ ಅತ್ತೆ” ಎಂದೆ. ಒಂದು ಹೋಳು ಬಾಯಿಗೆ ಹಾಕಿಕೊಂಡು, ಫೋನನ್ನು ಕೆನ್ನೆಗೆ ಒತ್ತಿ ಹಿಡಿದು, ಅವರಿಬ್ಬರಿಗೂ ಕೇಳುವ ಹಾಗೆ ನಿಧಾನವಾಗಿ ಅಗಿದೆ.